ಹೆಸರಿಲ್ಲದ ಪೇಜು

ಗೋವಿನಕೋವಿ
12 ಜೂನ್ 2025

ಅವ್ವ,

ತಲುಪಿದ್ದೇವೆ. ಬಸ್ಸಿನಲ್ಲಿ ವಾಂತಿಯಾಗಲಿಲ್ಲ. ಹೊನ್ನಾಳಿಯಲ್ಲಿ ಇಳಿದಾಗ ಅಪ್ಪ ಮಂಡಕ್ಕಿ ಕೊಡಿಸಿದ, ಅರ್ಧ ತಿಂದೆ. ಅರ್ಧ ಬಿಟ್ಟಳು ಎಂದು ಅವನು ನಿನಗೆ ಹೇಳಿಯೇ ಹೇಳುತ್ತಾನೆ. ಅದಕ್ಕೇ ನಾನೇ ಮೊದಲು ಬರೆದುಬಿಟ್ಟೆ.

ಕರಿಯಕ್ಕ ದೊಡ್ಡವ್ವ ನಡುಮನೆಯ ಮೂಲೆಯಲ್ಲಿ ನನಗೆಂದು ಮಂಚ ಹಾಕಿಕೊಟ್ಟಿದ್ದಾಳೆ. ಜಯಪ್ಪ ದೊಡ್ಡಪ್ಪ ನ್ಯಾಮತಿಯ ಹೈಸ್ಕೂಲಿಗೆ ಹೋಗಿ ಒಂಬತ್ತನೇ ಕ್ಲಾಸಿಗೆ ನನ್ನ ಹೆಸರು ಬರೆಸಿ ಬಂದರು. ಸೋಮವಾರದಿಂದ ಹೋಗಬೇಕು.

ನಿನ್ನೆ ನೀನು ಮಾಡಿದ ಫೋನನ್ನು ದೊಡ್ಡವ್ವ ನನ್ನ ಕೈಗೆ ಕೊಟ್ಟಳು. ಹಿಡಿದ ಕೂಡಲೇ ವಾಪಸ್ ಕೊಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ನೀನು ಟ್ರಂಕಿನಲ್ಲಿ ಇಟ್ಟಿರುವ ಇನ್‌ಲ್ಯಾಂಡ್ ಲೆಟರ್‌ಗಳಲ್ಲಿ ಬರೆಯುತ್ತೇನೆ. ನಿದ್ದೆ ಬರ್ತದಾ ಎಂದು ಎಲ್ಲರೂ ಕೇಳುತ್ತಾರೆ. ಬರುತ್ತದೆ ಎನ್ನುತ್ತೇನೆ.

ಈ ಊರಲ್ಲಿ ನಾನು ಯಾರೆಂದು ಯಾರಿಗೂ ಗೊತ್ತಿಲ್ಲ. ಅದೊಂದು ಚೆನ್ನಾಗಿದೆ.

ರಕ್ಷಾ


ಜಗಳೂರು
22 ಜೂನ್ 2025

ನನ್ನ ರಕ್ಷಾ,

ನಿನ್ನ ಪತ್ರವನ್ನು ಪೋಸ್ಟ್‌ಮ್ಯಾನ್ ಶಾಲೆಯ ಅಡುಗೆಮನೆಗೇ ತಂದುಕೊಟ್ಟ. ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದೆ, ಹಾಗೇ ಬಿಟ್ಟು ಓದಿದೆ. ಒಗ್ಗರಣೆ ಸೀದುಹೋಯಿತು. ಇನ್ನೂರು ಮಕ್ಕಳು ಸೀದ ಸಾಂಬಾರು ಉಂಡರು, ಒಬ್ಬರೂ ಏನೂ ಅನ್ನಲಿಲ್ಲ. ಹತ್ತನೇ ಕ್ಲಾಸ್ ಪಾಸಾದ ಮೇಲೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ನಗಬೇಡ.

ಏಪ್ರಿಲ್‌ನಲ್ಲಿ ನೀನು ಒಲೆಯ ಮುಂದೆ ಎಚ್ಚರ ತಪ್ಪಿ ಬಿದ್ದದ್ದು ಇನ್ನೂ ಕಣ್ಣ ಮುಂದೆ ಇದೆ. ಅದಕ್ಕೂ ಮುಂಚೆ ಎರಡು ತಿಂಗಳು ನೀನು ಅನ್ನ ಕಲಸಿ ಕಲಸಿ ಹಾಗೇ ಬಿಡುತ್ತಿದ್ದೆ. ಫೋನು ಗುಂಯ್ ಎಂದರೆ ಬೆಚ್ಚುತ್ತಿದ್ದೆ, ಆದರೂ ಅದನ್ನು ಕೈಬಿಡುತ್ತಿರಲಿಲ್ಲ. ನಾನು ಕಿತ್ತುಕೊಂಡು ಬಟ್ಟೆ ಒಗೆಯುವ ಕಲ್ಲಿಗೆ ಬಡಿದೆ. ನೀನು ಬಿದ್ದದ್ದು ಅದರ ಮಾರನೇ ದಿನ. ಫೋನು ಒಡೆದದ್ದಕ್ಕೇ ಬಿದ್ದೆಯೇನೋ ಎಂದು ನಾನು ಎಷ್ಟು ದಿನ ಕೊರಗಿದೆನೋ ನಿಮ್ಮಪ್ಪನಿಗೆ ಗೊತ್ತು. ದಾವಣಗೆರೆಯ ಡಾಕ್ಟರಮ್ಮ ಮಾತ್ರ ಹೇಳಿದರು: "ಮಗಿನ್ನ ಬೈಬ್ಯಾಡ್ರಿ. ಒಂದಷ್ಟ್ ತಿಂಗ್ಳು ಬ್ಯಾರೆ ಊರಾಗೆ ಇರ್ಲಿ, ಫೋನು ದೂರ ಇರ್ಲಿ. ಅವಳಿಗೆ ಹೇಳಾಕೆ ಏನೋ ಐತೆ. ತಾನಾಗೇ ಹೇಳ್ತಾಳೆ." ಏನಿದೆ ಹೇಳಲಿಕ್ಕೆ? ನಾನು ಕೇಳುವುದಿಲ್ಲ.

ನಿನ್ನ ಜೊತೆ ಕೂರುತ್ತಿದ್ದ ಉಷಾರಾಣಿ, ಟೈಲರ್ ನಿಂಗರಾಜಣ್ಣನ ಮಗಳು, ಶಾಲೆ ತೆರೆದರೂ ಬಂದಿಲ್ಲ. ಅವಳು ಬೆಳಗಿನ ಪ್ರಾರ್ಥನೆಯಲ್ಲಿ ಪೇಪರ್ ಓದುವಾಗ ತೊದಲಿದ್ದನ್ನು ಯಾರೋ ಕದ್ದು ವಿಡಿಯೋ ಮಾಡಿ, ನಡುನಡುವೆ ಕುರಿ ಅರಚುವ ಸದ್ದು ಸೇರಿಸಿ 'ಗುಸುಗುಸು' ಎಂಬ ಪೇಜಿಗೆ ಹಾಕಿದ್ದರಲ್ಲ, ನಿನಗೂ ಗೊತ್ತಿರಬೇಕು. ಪೇಜಿನಲ್ಲಿ ನಡೆಸುವವರ ಹೆಸರಿಲ್ಲ, ಮುಖವಿಲ್ಲ. ಯಾರದೆಂದು ಇವತ್ತಿಗೂ ತಿಳಿದಿಲ್ಲ. ಫೆಬ್ರವರಿಯಿಂದ ಆ ಮಗು ಹೊರಗಿನವರ ಹತ್ತಿರ ಒಂದು ಮಾತೂ ಆಡಿಲ್ಲವಂತೆ. ನನ್ನ ಜೊತೆ ಅಡುಗೆ ಮಾಡುವ ಅಜ್ಜಮ್ಮ, "ಯಾವ್ ಮುಂಡೇದು ಅದನ್ನ ಮಾಡಿದ್ದು, ಅದರ ಕೈಗೆ ಹುಳ ಬೀಳ" ಎಂದಳು. ನಾನೂ "ಹೂಂ, ಬೀಳ್ಲಿ" ಎಂದೆ.

ಹೊಟ್ಟೆ ತುಂಬ ಉಣ್ಣು. ದೊಡ್ಡವ್ವನ ಕೆಲಸಕ್ಕೆ ಕೈ ಜೋಡಿಸು.

ನಿನ್ನ ಅವ್ವ
ಪುಷ್ಪಾ


ಗೋವಿನಕೋವಿ
20 ಜುಲೈ 2025

ಅವ್ವ,

ತಡವಾಯಿತು. ಬರೆಯಲು ಕೂತು ಮೂರು ಸಲ ಎದ್ದೆ.

ಶಾಲೆ ಪರವಾಗಿಲ್ಲ. ಚನ್ನಗಿರಿ ಕಡೆಯ ಒಬ್ಬ ಕನ್ನಡ ಮೇಡಂ ಇದ್ದಾರೆ. ಮೊದಲ ದಿನ ನನ್ನನ್ನು ನಿಲ್ಲಿಸಿ ಊರು ಕೇಳಿದರು. ಜಗಳೂರು ಎಂದೆ. "ಅಷ್ಟು ದೂರದಿಂದ ಇಲ್ಲಿಗ್ಯಾಕೆ?" ಎಂದರು. ಹುಷಾರಿರಲಿಲ್ಲ ಎಂದೆ. ಪೀರಿಯಡ್ ಮುಗಿದ ಮೇಲೆ ಲೈಬ್ರರಿ ಬೀರುವಿನ ಕೀಲಿ ನನ್ನ ಕೈಗಿಟ್ಟು, ಪುಸ್ತಕ ಜೋಡಿಸು ಎಂದರು. ದಿನಾ ಊಟದ ಹೊತ್ತಿನಲ್ಲಿ ಜೋಡಿಸುತ್ತೇನೆ. ಒಂದು ಪುಸ್ತಕಕ್ಕೆ ರಟ್ಟು ಹಾಕಿ ಮುಗಿಸಿದರೆ ಅದು ಮುಗಿದಂತೆಯೇ. ಅದನ್ನು ಎಷ್ಟು ಜನ ನೋಡಿದರು ಎಂದು ತಿರುಗಿ ತಿರುಗಿ ನೋಡಬೇಕಾಗಿಲ್ಲ.

ದೊಡ್ಡಪ್ಪ ಗದ್ದೆಯಲ್ಲಿ ನಾಟಿ ಮಾಡಿಸುತ್ತಿದ್ದಾರೆ. ಹೋದ ಭಾನುವಾರ ಹೆಂಗಸರಿಗೆ ಟೀ ಒಯ್ದೆ. ದೊಡ್ಡವ್ವ ನನ್ನನ್ನೂ ಕೆಸರಿಗೆ ಇಳಿಸಿದಳು. ಸೊಂಟ ನೋವು ಬಂದು ಊಟ ಮಾಡಿದವಳೇ ಮಲಗಿದೆ. ಬೆಳಗ್ಗೆ ದೊಡ್ಡವ್ವ ಎಬ್ಬಿಸಬೇಕಾಯಿತು. ಇದನ್ನು ಡಾಕ್ಟರಮ್ಮನಿಗೆ ಹೇಳು, ಖುಷಿಪಡುತ್ತಾರೆ.

ಕಳೆದ ವಾರ ಬಸ್ಸಿನಲ್ಲಿ ನಮ್ಮ ಶಾಲೆಯ ಹುಡುಗಿಯರು ಫೋನಿನಲ್ಲಿ ಏನೋ ನೋಡಿ ನಗುತ್ತಿದ್ದರು. ಯಾರೋ ಮುದುಕ ಜಾರಿ ಬೀಳುವ ವಿಡಿಯೋ. "ನೋಡೇ ರಕ್ಷಾ" ಎಂದು ನನ್ನ ಮುಖದ ಹತ್ತಿರ ಹಿಡಿದರು. ನಾನು ಗೋವಿನಕೋವಿಗಿಂತ ಮುಂಚಿನ ಸ್ಟಾಪಿನಲ್ಲೇ ಇಳಿದು ನಡೆದುಬಂದೆ. ದೊಡ್ಡವ್ವ ಬೈದಳು. ಯಾಕೆ ಇಳಿದೆ ಎಂದು ಹೇಳಲಿಲ್ಲ.

ಅವ್ವ, ಉಷಾ ಹೇಗಿದ್ದಾಳೆ? ಮನೆಯಲ್ಲಿ ಏನು ಮಾಡುತ್ತಾಳೆ?

ರಕ್ಷಾ


ಜಗಳೂರು
10 ಆಗಸ್ಟ್ 2025

ನನ್ನ ರಕ್ಷಾ,

ಗಾಢ ನಿದ್ದೆ ಮಾಡಿದೆ ಎಂದು ಓದಿ ನಿಮ್ಮಪ್ಪನಿಗೂ ಓದಿ ಹೇಳಿದೆ. ಅವನು ಕುರಿಗಳಿಗೆ ಹೇಳುವವನಂತೆ ರೊಪ್ಪದ ಕಡೆ ತಿರುಗಿ, "ಮಗಳು ಮಲಗ್ತಾಳಂತೆ" ಎಂದ. ನಗು ಬಂತು ನನಗೆ.

ನೀನು ಕೇಳಿದ್ದಕ್ಕೇ ಉಷಾರಾಣಿಯ ಮನೆಗೆ ಹೋಗಿದ್ದೆ. ಹಿಂದೆಯೇ ಹೋಗಬೇಕಿತ್ತು. ಅವರಮ್ಮ ತೀರಿಹೋದ ಮೇಲೆ ಅವಳನ್ನು ಸಾಕಿದ್ದು ಅಜ್ಜಿ ಗಿಡ್ಡಮ್ಮ ಎಂಬುದು ನಿನಗೆ ಗೊತ್ತಲ್ಲ. ಗಿಡ್ಡಮ್ಮ ಕಟ್ಟೆಯ ಮೇಲೆ ಹುರಳಿ ಹಸನು ಮಾಡುತ್ತಿದ್ದಳು. ನನ್ನನ್ನು ಕೂರಿಸಿಕೊಂಡು ಹೇಳಿದಳು: "ಏನ್ ಹೇಳಾನ ಪುಷ್ಪಾ. ನನ್ ಕಿವ್ಯಾಗೆ ಎಲ್ಡ್ ಮಾತು ಪಿಸುಗುಡ್ತಾಳೆ, ಅಷ್ಟೇ. ಅವರಪ್ಪನ ಕೂಡೆ ಕೈಸನ್ನೆ. ಈ ಬೀದ್ಯಾಗೆ ಕುರಿ ಮಂದೆ ಬಂತು ಅಂದ್ರೆ ಓಡಿ ಹೋಗಿ ಕಿಟಕಿ ಹಾಕ್ಯಂತಾಳೆ. ಜಗಳೂರಾಗೆ ಕುರಿ ಬರಂಗಿಲ್ಲ ಅಂದ್ರೆ ಹೆಂಗೆ?"

ಒಳಗೆ ಹೋದೆ. ಹುಡುಗಿ ಅಪ್ಪನ ಅಂಗಡಿಯ ರವಿಕೆಗಳಿಗೆ ಹುಕ್ಕು ಹಚ್ಚುತ್ತ ಕೂತಿದ್ದಳು. ಎಷ್ಟು ಸಣ್ಣಗಾಗಿದ್ದಾಳೆ! ಏನು ಮಾತಾಡಿಸಿದರೂ ತಲೆ ಎತ್ತಲಿಲ್ಲ. ಕೊನೆಗೆ, "ರಕ್ಷಾ ಪತ್ರ ಬರ್ದಾಳೆ, ನಿನ್ನ ಕೇಳ್ಯಾಳೆ" ಎಂದೆ. ಆಗ ನೋಡಿದಳು. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಆ ನೋಟ ನನಗೆ ಅರ್ಥವಾಗಲಿಲ್ಲ.

ಊರಲ್ಲಿ ಎಲ್ಲರೂ ಅವಳನ್ನು ಮರೆತಿದ್ದಾರೆ. ನಾವು ದೊಡ್ಡವರೇ ಮರೆತಿದ್ದೆವು. ನಿನಗೇ ಹುಷಾರಿಲ್ಲದಾಗಲೂ ನೀನು ಗೆಳತಿಯನ್ನು ನೆನೆಸಿಕೊಂಡೆ. ಇಂಥ ಮಗಳನ್ನು ಹೆತ್ತದ್ದಕ್ಕೆ ನನಗೆ ಹೆಮ್ಮೆ. ಅಡುಗೆಮನೆಯಲ್ಲೂ ಎಲ್ಲರಿಗೂ ಹೇಳಿದೆ.

ನಿನ್ನ ಅವ್ವ
ಪುಷ್ಪಾ


ಗೋವಿನಕೋವಿ
31 ಆಗಸ್ಟ್ 2025

ಅವ್ವ,

ಹೆಮ್ಮೆ ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ಇನ್ನು ತಡೆಯಲು ಆಗಲಿಲ್ಲ.

ಆ ಪೇಜು ನನ್ನದು.

ಉಷಾಳ ವಿಡಿಯೋ ಮಾಡಿದ್ದು ನಾನು. ಬೇರೆ ಯಾರೋ ಕಳಿಸಿದ್ದನ್ನು ಹಾಕಿದ್ದಲ್ಲ. ಅಪ್ಪನ ಹಳೇ ಫೋನನ್ನು ಯೂನಿಫಾರ್ಮಿನ ವೇಲಿನ ಮರೆಯಲ್ಲಿ ಇಟ್ಟುಕೊಂಡು ನಾನೇ ಹಿಡಿದೆ. ಕುರಿ ಸದ್ದು ನಮ್ಮ ರೊಪ್ಪದ್ದು. ಕೆಂಚಿ ಕುರಿ ಮರಿ ಹಾಕಿದ ದಿನ ನಾನು ತೆಗೆದ ವಿಡಿಯೋದಿಂದ ಕತ್ತರಿಸಿದೆ.

ನವೆಂಬರ್‌ನಲ್ಲಿ ಪೇಜು ಶುರು ಮಾಡಿದೆ. ಯಾರು ಯಾರನ್ನು ನೋಡಿ ನಕ್ಕರು, ಯಾವ ಸರ್ ಅಂಗಿಯ ಗುಂಡಿ ಬಿಚ್ಚಿತ್ತು, ಇಂಥವು. ಮೊದಲು ಮೂವತ್ತು ಜನ ಇದ್ದರು. ಸಂಕ್ರಾಂತಿಗೆ ನಾನೂರು. ಕ್ಲಾಸಿನಲ್ಲಿ ನಾನು ಬಿಸಿಯೂಟದ ಪುಷ್ಪಕ್ಕನ ಮಗಳು, ಅಷ್ಟೇ. ನಾನು ಏನಾದರೂ ಹೇಳಿದರೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಆದರೆ ಪೇಜಿನಲ್ಲಿ ಏನು ಬಂತು ಎಂದು ಎಲ್ಲರೂ ಕಾಯುತ್ತಿದ್ದರು. ಹತ್ತನೇ ಕ್ಲಾಸಿನವರೂ ಕಾಯುತ್ತಿದ್ದರು. ಎರಡು ದಿನ ಏನೂ ಹಾಕದಿದ್ದರೆ "ಸತ್ತೋಯ್ತಾ ಪೇಜು" ಎಂದು ಬರೆಯುತ್ತಿದ್ದರು. ನಾನೇ ಸತ್ತಂತೆ ಅನಿಸುತ್ತಿತ್ತು.

ಆ ದಿನ ಪೇಪರ್ ಓದುವುದು ಉಷಾಳ ಸರದಿ. ಮುಂಚಿನ ಸಂಜೆ ನನ್ನ ಮುಂದೆ ಐದು ಸಲ ಓದಿ ಅಭ್ಯಾಸ ಮಾಡಿದ್ದಳು. 'ಮ' ಬಂದರೆ ನಾಲಿಗೆ ಅಂಟಿಕೊಳ್ಳುತ್ತದೆ ಎಂದು ನನಗೊಬ್ಬಳಿಗೇ ಹೇಳಿದ್ದಳು. ಪ್ರಾರ್ಥನೆಯಲ್ಲಿ ಮೆಕ್ಕೆಜೋಳದ ಸುದ್ದಿ ಬಂತು. ಮೆ, ಮೆ, ಮೆ ಎಂದು ನಿಂತುಬಿಟ್ಟಳು. ಹುಡುಗರು ನಕ್ಕರು. ನನಗೆ ಆ ಕ್ಷಣಕ್ಕೆ ಕುರಿ ನೆನಪಾಯಿತು. ಮಾಡಲು ಹತ್ತು ನಿಮಿಷ ಹಿಡಿಯಿತು.

ಸಂಜೆಗೆ ಊರೆಲ್ಲ ನೋಡಿತ್ತು. ಮೂರನೇ ದಿನ ಅಳಿಸಿದೆ. ಅಷ್ಟರಲ್ಲಿ ಎಲ್ಲರ ಫೋನಿಗೂ ಹೋಗಿತ್ತು. "ಕುರಿ ಹುಡ್ಗಿದು ಇನ್ನೊಂದು ಹಾಕು" ಎಂದು ನೂರು ಜನ ಕೇಳಿದರು. ಒಬ್ಬರು ಮಾತ್ರ "ನೀನ್ಯಾರು ಅಂತ ಗೊತ್ತಾಗೈತೆ" ಎಂದು ಬರೆದರು. ಆಮೇಲೆ ಏನೂ ಬರೆಯಲಿಲ್ಲ. ಅವರು ಮುಂದೇನು ಬರೆಯುತ್ತಾರೋ ಎಂದು ಎರಡು ತಿಂಗಳು ಫೋನು ನೋಡುತ್ತಲೇ ಇದ್ದೆ. ಅನ್ನ ಕಲಸುವಾಗಲೂ ನೋಡುತ್ತಿದ್ದೆ. ನೀನು ಫೋನನ್ನು ಕಲ್ಲಿಗೆ ಬಡಿದಾಗ ನನಗೆ ಸಿಟ್ಟು ಬರಲಿಲ್ಲ ಅವ್ವ. ಮುಗಿಯಿತು ಎಂದು ಸಮಾಧಾನವಾಯಿತು. ಮಾರನೇ ದಿನ ಬೆಳಗ್ಗೆ ಗೊತ್ತಾಯಿತು, ಮುಗಿದಿಲ್ಲ ಎಂದು. ಉಷಾ ಅವತ್ತೂ ಶಾಲೆಗೆ ಬಂದಿರಲಿಲ್ಲ.

ನೀನೂ ಅಜ್ಜಮ್ಮನೂ ಹುಳ ಬೀಳಲಿ ಎಂದ ಕೈ ಇದೇ. ಇದರಲ್ಲೇ ಬರೆಯುತ್ತಿದ್ದೇನೆ.

ರಕ್ಷಾ


ಗೋವಿನಕೋವಿ
28 ಸೆಪ್ಟೆಂಬರ್ 2025

ಅವ್ವ,

ನಾಲ್ಕು ವಾರವಾಯಿತು. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಕಟ್ಟೆಗೆ ಬಂದು ನಿಲ್ಲುತ್ತೇನೆ. ದೊಡ್ಡವ್ವ "ನಿಮ್ಮವ್ವಗೆ ಏನಾತೇ?" ಎನ್ನುತ್ತಾಳೆ. ಅವಳ ಜೊತೆ ನೀನು ಫೋನಿನಲ್ಲಿ ಮಾತಾಡಿದ್ದೀಯ. ನನ್ನ ಬಗ್ಗೆ ಏನೂ ಕೇಳಲಿಲ್ಲವಂತೆ.

ದಸರಾ ರಜೆಗೆ ಬರುವುದಿಲ್ಲ. ನೀನು ಬಾ ಎಂದರೆ ಮಾತ್ರ ದೀಪಾವಳಿಗೆ ಬರುತ್ತೇನೆ.

ರಕ್ಷಾ


ಜಗಳೂರು
5 ಅಕ್ಟೋಬರ್ 2025

ರಕ್ಷಾ,

ನಾಲ್ಕು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಬೈಗುಳ ಇತ್ತು. ಅದು ನಿನಗೆ ತಲುಪಲಿಲ್ಲವಲ್ಲ, ಒಳ್ಳೆಯದಾಯಿತು.

ನಿನ್ನ ಪತ್ರವನ್ನು ಅಕ್ಕಿ ಮೂಟೆಗಳ ಕೋಣೆಯಲ್ಲಿ ನಿಂತು ಓದಿದೆ. ಹೊರಗೆ ಬಂದು ಅನ್ನ ಬಡಿಸಿದೆ. ನಿನ್ನ ಕ್ಲಾಸಿನ ಸಾಲಿಗೆ ಬಂದಾಗ ಉಷಾರಾಣಿ ಕೂರುತ್ತಿದ್ದ ಜಾಗದಲ್ಲಿ ಸೌಟು ನಿಂತಿತು. ಮನೆಯಲ್ಲಿ ನಿಮ್ಮಪ್ಪನಿಗೆ ಎಂಟು ದಿನ ಹೇಳಲಿಲ್ಲ. ಹೇಳಿದಾಗ ಅವನು ಒಂದೇ ಮಾತು ಕೇಳಿದ: "ನಮ್ ಕುರಿದಾ ಆ ಸದ್ದು?" ಹೂಂ ಎಂದೆ. ಮಾರನೇ ದಿನದಿಂದ ಅವನು ಮಂದೆಯನ್ನು ನಿಂಗರಾಜಣ್ಣನ ಬೀದಿಯಲ್ಲಿ ಹೊಡೆದುಕೊಂಡು ಹೋಗುತ್ತಿಲ್ಲ. ಕೆರೆ ಏರಿಯ ಮೇಲಿಂದ ಬಳಸಿಕೊಂಡು ಹೋಗುತ್ತಾನೆ. ಅರ್ಧ ಗಂಟೆ ಹೆಚ್ಚು ನಡಿಗೆ.

ಈಗ ನಾನು ಒಂದು ಹೇಳಬೇಕು. ಆ ವಿಡಿಯೋ ಬಂದ ದಿನ ಅಜ್ಜಮ್ಮನ ಮಗ ಅಡುಗೆಮನೆಗೆ ತಂದು ತೋರಿಸಿದ. ಮುಖ ಸರಿಯಾಗಿ ಕಾಣಲಿಲ್ಲ, ಸದ್ದು ಕೇಳಿಸಿತು. ನಾವೆಲ್ಲ ನಕ್ಕೆವು. ನಾನೂ ನಕ್ಕೆ ರಕ್ಷಾ. "ಇನ್ನೊಂದ್ ಸಲ ಹಾಕು" ಎಂದವಳು ನಾನೇ. ಅದು ಉಷಾರಾಣಿ ಎಂದು ಗೊತ್ತಾದ ಮೇಲೆ ಬಾಯಿಗೆ ಸೆರಗು ಹಿಡಿದೆ. ಜೂನ್‌ನಲ್ಲಿ ನಿನಗೆ ಪತ್ರ ಬರೆಯುವಾಗ ಇದನ್ನು ಬಿಟ್ಟು ಬರೆದೆ. ಶಾಪ ಹಾಕುವುದಕ್ಕೆ ಮಾತ್ರ ಮುಂದೆ ಇದ್ದೆ. ಆ ಶಾಪವನ್ನು ವಾಪಸ್ ತಗೊಂಡಿದ್ದೇನೆ.

ಡಾಕ್ಟರಮ್ಮನನ್ನು ಹೋಗಿ ಕಂಡೆ. "ಬಾಯಿ ಬಿಟ್ಳಲ್ಲ, ಅದೇ ದೊಡ್ಡದು. ಒತ್ತಾಯ ಮಾಡಬ್ಯಾಡ್ರಿ, ಏನ್ ಮಾಡ್ಬೇಕು ಅಂತ ಅವಳೇ ಹೇಳ್ಲಿ" ಎಂದರು. ಅದಕ್ಕೇ ಹೀಗೆ ಮಾಡು, ಹಾಗೆ ಮಾಡು ಎಂದು ಬರೆಯುವುದಿಲ್ಲ. ನಿನ್ನ ಪರವಾಗಿ ನಾನೇ ಹೋಗಿ ಅವರ ಕಾಲು ಹಿಡಿಯಬಹುದು. ಆದರೆ ಅದು ನನ್ನ ಮಾತಾಗುತ್ತದೆ, ನಿನ್ನದಲ್ಲ.

ನೀನು ಬರೆದ ಪತ್ರವನ್ನು ದಿನಾ ತೆಗೆದು ಓದುತ್ತೇನೆ. ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಸಿಟ್ಟು ಇಳಿದ ಮೇಲೆ ಅನಿಸುತ್ತದೆ, ಈ ಹದಿನಾಲ್ಕು ವರ್ಷದ ಹುಡುಗಿ ಯಾರೂ ಹಿಡಿಯದಿದ್ದರೂ ತಾನಾಗಿ ಬರೆದಳಲ್ಲ ಎಂದು.

ದೀಪಾವಳಿಗೆ ಬಾ. ಇದು ನಿನ್ನ ಮನೆ, ಬಾ ಎಂದು ಕರೆಸಿಕೊಳ್ಳಬಾರದು.

ನಿನ್ನ ಅವ್ವ
ಪುಷ್ಪಾ


ಗೋವಿನಕೋವಿ
26 ಅಕ್ಟೋಬರ್ 2025

ಅವ್ವ,

ಪಾಡ್ಯದ ಮಾರನೇ ದಿನ ನಾನು ಉಷಾಳ ಮನೆಗೆ ಹೋದಾಗ ನೀನು ಜೊತೆಗೆ ಬರುತ್ತೇನೆ ಎನ್ನಲಿಲ್ಲ. ತಿರುಗಿ ಬಂದಾಗ ಏನಾಯಿತು ಎಂದು ಕೇಳಲೂ ಇಲ್ಲ. ರೊಟ್ಟಿ ಹಾಕಿಕೊಟ್ಟೆ. ಎದುರು ಕೂತು ಹೇಳಲು ನನಗೆ ಆಗುತ್ತಿರಲಿಲ್ಲ. ಈಗ ಬರೆಯುತ್ತೇನೆ.

ನಿಂಗರಾಜ್ ಮಾಮ ಹೊಲಿಯುತ್ತಿದ್ದರು. ಗಿಡ್ಡಮ್ಮಜ್ಜಿ "ಬಾರವ್ವ, ಯಾವಾಗ ಬಂದೆ? ಹಬ್ಬದ ಕಡುಬು ಐತೆ ತಿನ್ನು" ಎಂದಳು. ಕಡುಬು ಕೈಗೆ ಬರುವ ಮುಂಚೆ ಹೇಳಬೇಕು ಅನಿಸಿತು. ತಿಂದ ಮೇಲೆ ಹೇಳಿದರೆ ಅದು ಇನ್ನೊಂದು ಮೋಸ.

"ಅಜ್ಜಿ, ಆ ವಿಡಿಯೋ ಮಾಡಿದ್ದು ನಾನು" ಎಂದೆ.

ಮಿಷನ್ ನಿಂತಿತು. ಮಾಮ ಎದ್ದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದೂ ಅನಿಸಿತು. ಹೊಡೆಯಲಿಲ್ಲ. "ಸ್ಟೇಷನ್‌ಗೆ ಮೂರು ಸಲ ಅಡ್ಡಾಡಿದೀನಿ ನಾನು. ಯಾರೋ ದೊಡ್ಡ ಹುಡುಗ್ರು ಇರ್ಬೇಕು ಅಂದ್ಕಂಡಿದ್ದೆ. ನನ್ ಮನ್ಯಾಗೆ ಉಂಡ ಹುಡುಗಿ ನೀನು" ಎಂದರು. ಅವರ ದನಿ ಗಟ್ಟಿಯಾಗಿರಲಿಲ್ಲ. ಗಟ್ಟಿಯಾಗಿದ್ದರೆ ಚೆನ್ನಾಗಿತ್ತು. "ನಡಿ ಹೊರಗೆ" ಎಂದರು.

ಹೊಸ್ತಿಲು ದಾಟುವಾಗ ಒಳಗಿನಿಂದ ಉಷಾ ಬಂದಳು. ಕೈಯಲ್ಲಿ ಸೂಜಿ ಹಾಗೇ ಇತ್ತು.

"ನ... ನಂಗೆ ಗೊತ್ತಿತ್ತು" ಎಂದಳು.

ಗಿಡ್ಡಮ್ಮಜ್ಜಿ ಹಾಗೇ ನೆಲಕ್ಕೆ ಕೂತಳು. "ಗೊ... ಗೊತ್ತಾಗೈತೆ ಅಂತ ಬ... ಬರ್ದಿದ್ದು ನಾನೇ. ಅಪ್ಪನ ಫೋನಿಂದ. ಓ... ಓದುವಾಗ ನಿನ್ ಕೈಯಾಗೆ ಫೋನು ಕಂಡಿತ್ತು." ಒಂದೊಂದು ಮಾತಿಗೂ ಅವಳ ಕತ್ತಿನ ನರ ಎದ್ದು ಕಾಣುತ್ತಿತ್ತು.

"ಯಾರಿಗೂ ಯಾಕೆ ಹೇಳ್ಲಿಲ್ಲ?" ಎಂದೆ.

"ನೀನೇ ಬಂದು ಹೇ... ಹೇಳ್ತೀಯ ಅಂತ ಕಾಯ್ತಿದ್ದೆ. ಎ... ಎಂಟು ತಿಂಗ್ಳು ಆತು."

ನಾನು ತಪ್ಪಾಯಿತು ಎಂದೆ. ಮತ್ತೆ ಮತ್ತೆ ಎಂದೆ. ಅವಳು ಕೈ ಅಡ್ಡ ಹಿಡಿದಳು. "ಇ... ಇಲ್ಲಿ ಬ್ಯಾಡ. ಎಲ್ಲಾರ ಮುಂದೆ ನಗ್ಸಿದೆ. ಎಲ್ಲಾರ ಮುಂದೆ ಹೇಳು."

ಅಷ್ಟೇ ಅವ್ವ. ನಾನು ಮಾಡುತ್ತೇನೆ ಎಂದು ಅಲ್ಲಿಯೇ ಹೇಳಿ ಬಂದಿದ್ದೇನೆ. ನಿನ್ನ ಕೆಲಸ ಅದೇ ಶಾಲೆಯಲ್ಲಿ. ದಿನಾ ಅದೇ ಮಕ್ಕಳ ಮುಂದೆ ನೀನು ನಿಲ್ಲಬೇಕು. ನನಗೆ ಅದೊಂದೇ ಭಯ. ನೀನು ಬೇಡ ಎಂದರೆ ಬೇರೆ ದಾರಿ ಯೋಚಿಸುತ್ತೇನೆ. ಆದರೆ ಬೇಡ ಎನ್ನಬೇಡ.

ರಕ್ಷಾ


ಗೋವಿನಕೋವಿ
3 ನವೆಂಬರ್ 2025

ಮುಖ್ಯೋಪಾಧ್ಯಾಯರಾದ ತಿಪ್ಪೇರುದ್ರಸ್ವಾಮಿ ಸರ್ ಅವರಿಗೆ,

ನಮಸ್ಕಾರ ಸರ್. ನಾನು ಕಳೆದ ವರ್ಷ ನಿಮ್ಮ ಶಾಲೆಯಲ್ಲಿ ಎಂಟನೇ ತರಗತಿ ಓದಿದ ರಕ್ಷಾ, ಮಾರುತಿ ಅವರ ಮಗಳು. ಉಷಾರಾಣಿಯ ವಿಡಿಯೋ ಹಾಕಿದ 'ಗುಸುಗುಸು' ಪೇಜನ್ನು ನಡೆಸಿದವಳು ನಾನು. ಒಂದು ದಿನ ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಇದನ್ನು ಹೇಳಲು ಐದು ನಿಮಿಷ ಅವಕಾಶ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ನೀವು ಯಾವ ಶಿಕ್ಷೆ ಕೊಟ್ಟರೂ ಒಪ್ಪುತ್ತೇನೆ. ನನ್ನ ತಾಯಿ ನಿಮ್ಮಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಪೇಜು ನನ್ನದೆಂದು ಅವರಿಗೆ ಆಗಸ್ಟ್‌ವರೆಗೆ ಗೊತ್ತಿರಲಿಲ್ಲ. ಈ ಪತ್ರ ಬರೆಯಲು ಅವರ ಒಪ್ಪಿಗೆ ಇದೆ. ಅವರಿಗೆ ಏನೂ ಅನ್ನಬೇಡಿ ಸರ್.

ತಮ್ಮ ವಿಧೇಯ ವಿದ್ಯಾರ್ಥಿನಿ
ರಕ್ಷಾ ಎಂ.


ಜಗಳೂರು
30 ನವೆಂಬರ್ 2025

ನನ್ನ ರಕ್ಷಾ,

ಆ ಶನಿವಾರ ನೀನು ಪ್ರಾರ್ಥನೆಯಲ್ಲಿ ಮಾತಾಡಿ ಮುಗಿಸಿದವಳೇ ಅಪ್ಪನ ಜೊತೆ ನೇರ ಬಸ್‌ಸ್ಟ್ಯಾಂಡಿಗೆ ಹೋದೆ. ನನ್ನ ಕಡೆ ನೋಡಲೂ ಇಲ್ಲ. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಅಲ್ಲಿಂದ ಏನು ಕಂಡಿತೋ ಅದನ್ನು ಬರೆಯುತ್ತೇನೆ. ಮಾತಾಡುವವಳಿಗೆ ತಾನು ಹೇಗೆ ಕಂಡೆ ಎಂದು ಗೊತ್ತಿರುವುದಿಲ್ಲ.

ಸ್ವಾಮಿ ಮೇಷ್ಟ್ರು ಮುಂಚಿನ ದಿನ ನನ್ನನ್ನು ಕರೆದು, "ಅವಳ ಹೆಸ್ರು ಹೇಳದಂಗೆ ನಾನೇ ಮಾತಾಡ್ಲೇನಮ್ಮ? ಚಿಕ್ಕ ಹುಡುಗಿ, ನಾಳೆ ಊರೋರು ಏನೇನೋ ಅಂತಾರೆ" ಎಂದಿದ್ದರು. ಪೇಜಿಗೆ ಹೆಸರಿಲ್ಲದ್ದೇ ಇಷ್ಟಕ್ಕೆಲ್ಲ ಕಾರಣ ಸರ್, ಅವಳು ಹೆಸರು ಹೇಳಲಿ ಎಂದೆ.

ನೀನು ನ್ಯಾಮತಿ ಶಾಲೆಯ ಯೂನಿಫಾರ್ಮಿನಲ್ಲೇ ಬಂದಿದ್ದೆ. ಕೈಯಲ್ಲಿ ಚೀಟಿ ಇರಲಿಲ್ಲ. "ನಾನು ರಕ್ಷಾ. ಆ ಪೇಜು ನನ್ನದು" ಎಂದಾಗ ಹಿಂದಿನ ಸಾಲಿನ ಹುಡುಗರು ಗುಜುಗುಜು ಎಂದರು. ನೀನು ನಿಲ್ಲಿಸಿದೆ. ಅವರು ಸುಮ್ಮನಾಗುವವರೆಗೆ ಕಾದೆ. ಆಮೇಲೆ ಹೇಳಿದೆ. ಉಷಾರಾಣಿ ನಿನ್ನನ್ನು ನಂಬಿ ಹೇಳಿದ್ದನ್ನು ನೀನು ಹೇಗೆ ಬಳಸಿಕೊಂಡೆ, ನಾನೂರು ಜನ ನೋಡುತ್ತಾರೆಂಬ ಅಮಲು ಹೇಗೆ ಏರಿತು, ಆಮೇಲೆ ಊಟ ನಿದ್ದೆ ಹೇಗೆ ಹೋಯಿತು, ಎಲ್ಲ. "ನನಗೆ ಹುಷಾರಿಲ್ಲದ್ದು ನಿಜ. ಆದರೆ ಅದನ್ನು ಹೇಳಿ ತಪ್ಪಿಸಿಕೊಳ್ಳಲು ಬಂದಿಲ್ಲ" ಎಂದೆ. ಯಾರ ಫೋನಿನಲ್ಲಾದರೂ ಆ ವಿಡಿಯೋ ಇನ್ನೂ ಇದ್ದರೆ ಇವತ್ತು ಮನೆಗೆ ಹೋಗಿ ಅಳಿಸಿ ಎಂದು ಕೈ ಮುಗಿದೆ. ನಿನ್ನ ಒಂದೊಂದು ಮಾತೂ ಅಡುಗೆಮನೆಯ ಬಾಗಿಲವರೆಗೆ ಕೇಳಿಸಿತು.

ಅಜ್ಜಮ್ಮ ನನ್ನ ಪಕ್ಕದಲ್ಲೇ ಇದ್ದಳು. ನನ್ನ ಕೈಯಿಂದ ಸೌಟು ತಗೊಂಡು ತಾನೇ ಅನ್ನ ತಿರುವಿದಳು. ಆ ದಿನ ನಾನು ಒಂದು ಕೆಲಸವನ್ನೂ ಸರಿಯಾಗಿ ಮಾಡಲಿಲ್ಲ.

ಉಷಾರಾಣಿ ಗೇಟಿನ ಹತ್ತಿರ ಅಜ್ಜಿಯ ಜೊತೆ ನಿಂತು ಕೇಳಿದ್ದು ನಿನಗೆ ಗೊತ್ತಿರಲಿಕ್ಕಿಲ್ಲ. ಸೋಮವಾರ ಶಾಲೆಗೆ ಬಂದಳು. ಒಂಬತ್ತನೇ ಕ್ಲಾಸಿಗೇ ಕೂರಿಸಿಕೊಂಡಿದ್ದಾರೆ, ತಪ್ಪಿಹೋದ ಪಾಠವನ್ನು ಸಂಜೆ ಹೇಳಿಕೊಡುತ್ತಾರೆ. ಮಾತು ಕಡಿಮೆ. ನಿನ್ನ ಬಗ್ಗೆ ಏನೂ ಕೇಳಿಲ್ಲ. ನಿನ್ನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅದು ಅವಳಿಗೆ ಬಿಟ್ಟದ್ದು, ನೀನು ಒತ್ತಾಯ ಮಾಡಬೇಡ. ನಾನು ನಕ್ಕಿದ್ದನ್ನು ನಿಂಗರಾಜಣ್ಣನಿಗೂ ಗಿಡ್ಡಮ್ಮನಿಗೂ ಹೋಗಿ ಹೇಳಿ ಬಂದೆ. ಆವತ್ತು ಅವರು ನನ್ನನ್ನು ಕೂರು ಎನ್ನಲಿಲ್ಲ.

ನಿನ್ನೆ ಶಾಲೆಯಲ್ಲಿ ತಂದೆತಾಯಿಯರ ಸಭೆ ಇತ್ತು. ಮಕ್ಕಳ ಕೈಗೆ ಫೋನು ಕೊಡುವ ವಿಷಯಕ್ಕೇ ಕರೆದಿದ್ದರು. ನಾನು ಎಲ್ಲರಿಗೂ ಟೀ ಕೊಡುತ್ತಿದ್ದೆ. ಪೇಟೆ ಬೀದಿಯ ಒಬ್ಬರು ಎದ್ದು ನಿಂತು ಜೋರು ಮಾಡಿದರು: "ಆ ಪೇಜು ಮಾಡಿದ ಹುಡುಗಿ ಯಾರ ಮಗಳ್ರಿ? ಹೆಂಗೆ ಬೆಳ್ಸ್ಯಾರೆ ಅಂತ ಅವರ ಅಪ್ಪ ಅವ್ವನ್ನ ಕೇಳಾನ, ಕರೀರಿ." ಮೇಷ್ಟ್ರು ನನ್ನ ಕಡೆ ನೋಡದೆ ಮೇಜಿನ ಮೇಲಿನ ಕಾಗದ ನೋಡಿದರು. ನನ್ನನ್ನು ಉಳಿಸಬೇಕೆಂದು ಅವರ ಮನಸ್ಸು.

ನಾನು ಟೀ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮುಂದೆ ಬಂದೆ.

"ನನ್ ಮಗಳ್ರಿ" ಎಂದೆ. "ಆ ಪೇಜು ಮಾಡಿದ್ದೂ ಅವಳೇ. ಇಲ್ಲಿ ನಿಂತು ತಾನೇ ಹೆಸ್ರು ಹೇಳಿದ್ದೂ ಅವಳೇ. ಎಲ್ಡೂ ನನ್ ಮಗಳೇ. ಏನ್ ಕೇಳಬೇಕೋ ನನ್ನ ಕೇಳ್ರಿ."

ಅವರು ಕೂತರು. ನಾನು ಮಾತ್ರ ಎಲ್ಲಿ ಹೋಗಬೇಕು ತಿಳಿಯದೆ ಅಷ್ಟು ಜನರ ನಡುವೆ ನಿಂತೇ ಇದ್ದೆ. ಆಗ ಕೊನೆಯ ಬೆಂಚಿನಲ್ಲಿ ಕೂತಿದ್ದ ನಿಂಗರಾಜಣ್ಣ ಒಂದಿಷ್ಟು ಸರಿದು, "ಇಲ್ಲಿ ಕುಂದ್ರು ಬಾ ಪುಷ್ಪಕ್ಕ" ಎಂದರು.

ನಿನ್ನ ಅವ್ವ
ಪುಷ್ಪಾ